ಸೀಮೆಎಣ್ಣೆ ಇರಬಹುದು ಅಂದ ಮಾತು

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಅಶೋಕಪುರಂನಲ್ಲಿ ನನ್ನದೊಂದು ಗ್ಯಾರೇಜು. ಎರಡು ಕಾರು ನಿಂತರೆ ಮೂರನೆಯದಕ್ಕೆ ಜಾಗವಿಲ್ಲ. ಎದುರಿಗೆ ಟೀ ಅಂಗಡಿ, ಅದರ ಬೆಂಚಿನ ಮೇಲೆ ಯಾವ ಹೊತ್ತಿನಲ್ಲೂ ನಾಲ್ಕು ಜನ. ಬೇಸಿಗೆಯ ಒಂದು ಬೆಳಿಗ್ಗೆ ಆ ಬಿಳಿ ಕಾರು ಜರ್ಕು ಹೊಡೆಯುತ್ತ ಬಂದು ನಿಂತಿತು. ತೊಂಬತ್ತರ ದಶಕದ ಕೊನೆಯ ಮಾಡೆಲ್ಲು. ಹೊಗೆಯ ವಿಷ ಕಳೆಯುವ ಕನ್ವರ್ಟರನ್ನು ಸೈಲೆನ್ಸರ್ ಪೈಪಿಗೆ ಸೇರಿಸಿ ಬಂದ ಮೊದಮೊದಲ ಕಾರುಗಳಲ್ಲೊಂದು.

ಓಡಿಸಿಕೊಂಡು ಬಂದ ಡ್ರೈವರ್ ನನ್ನ ವಯಸ್ಸಿನವನೇ, ನಲವತ್ತರ ಆಚೀಚೆ. ಹಿಂದಿನ ಸೀಟಿನಲ್ಲಿ ಯಜಮಾನರು. ಹಿನಕಲ್ ಕಡೆಯವರು. ಹೊಲವೆಲ್ಲ ಸೈಟಾದ ಮೇಲೆ ಕಲ್ಯಾಣಮಂಟಪ ಕಟ್ಟಿಸಿದ್ದರು. ಬೈದುಕೊಂಡೇ ಇಳಿದರು.

"ಹದಿನೈದು ದಿನದಿಂದ ಎಂಜಿನ್ ಮಿಸ್ಸಿಂಗ್ ಹೊಡೀತಿದೆ ಕಣಯ್ಯಾ. ಪಿಕಪ್ಪೇ ಇಲ್ಲ. ಬೆಟ್ಟ ಹತ್ತೋಕೆ ಆಗಲ್ಲ ಅಂತದೆ. ಇವನೇನ್ ಮಾಡಿಟ್ಟಿದಾನೋ ನೋಡು."

ನಾನು ಇನ್ನೊಂದು ಕಾರಿನ ಗೇರ್ ಬಾಕ್ಸ್ ಇಳಿಸಿಕೊಂಡು ಕೂತಿದ್ದೆ. ಮೊಣಕೈವರೆಗೂ ಗ್ರೀಸು. ಮನಸ್ಸಿಲ್ಲದ ಮನಸ್ಸಿನಿಂದ ಎದ್ದು ಹೋಗಿ ಸೈಲೆನ್ಸರಿನ ಬಾಯಿಯ ಹತ್ತಿರ ಬಗ್ಗಿ ಮೂಸಿದೆ. ಉರಿಯದೆ ಹೊರಬಿದ್ದ ಎಣ್ಣೆಯ ಘಾಟು ಮೂಗಿಗೆ ಹೊಡೆಯಿತು. ಬಾನೆಟ್ಟು ಎತ್ತಲಿಲ್ಲ. ಒಂದು ಪ್ಲಗ್ಗನ್ನೂ ಬಿಚ್ಚಲಿಲ್ಲ.

"ಸೀಮೆಎಣ್ಣೆ ಬೆರೆತಿರಬಹುದು ಯಜಮಾನ್ರೇ," ಅಂದೆ.

ಕಲಬೆರಕೆ ಮಾಡುವ ಪೆಟ್ರೋಲ್ ಬಂಕಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಅಂದದ್ದು. ಯಜಮಾನರಿಗೆ ಬೇರೆಯೇ ಕೇಳಿಸಿತು. ಡ್ರೈವರ್ ಕಡೆ ತಿರುಗಿದರು.

"ಪೆಟ್ರೋಲ್ ಕದ್ದು ಮಾರ್ಕೊಂಡು ಟ್ಯಾಂಕಿಗೆ ಸೀಮೆಎಣ್ಣೆ ಸುರೀತಿದೀಯಾ, ಕಳ್ ನನ್ಮಗನೇ?"

"ಇಲ್ಲ ಯಜಮಾನ್ರೇ, ನಮ್ಮವ್ವನಾಣೆಗೂ..."

ಆಣೆ ಮುಗಿಯುವ ಮೊದಲೇ ಅಂಗೈ ಎಡಗಿವಿಯ ಮೇಲೆ ಬಿತ್ತು. ತಗಡಿಗೆ ಹೊಡೆದಂಥ ಸದ್ದು. ಆತ ಕಾರಿನ ಬಾಗಿಲಿಗೆ ಒರಗಿ ಜಾರಿದ. ನೋಡುನೋಡುವಷ್ಟರಲ್ಲಿ ನನ್ನ ಜಾಕ್ ರಾಡು ಯಜಮಾನರ ಕೈಯಲ್ಲಿತ್ತು. ಬೆನ್ನಿಗೊಂದು, ತೋಳಿಗೊಂದು. ತಲೆ ಉಳಿಸಿಕೊಳ್ಳಲು ಎತ್ತಿದ ಬೆರಳುಗಳ ಮೇಲೊಂದು. ಬೆಂಚಿನ ಮೇಲಿದ್ದವರು ಎದ್ದು ನಿಂತರು, ಒಳಗೆ ಬರಲಿಲ್ಲ. ನಾನೂ ಸ್ಪ್ಯಾನರ್ ಹಿಡಿದುಕೊಂಡು ನಿಂತೇ ಇದ್ದೆ. ಎಂಜಿನ್ನನ್ನು ಒಬ್ಬನೇ ಅಲುಗಿಸುವ ಶಕ್ತಿ ಇದ್ದ ಕಾಲ ಅದು. ಮೊದಲ ಏಟಿಗೇ ತಡೆಯಬಹುದಿತ್ತು. ಆ ರಾಡನ್ನು ಹಿಡಿದುಕೊಂಡದ್ದು ನಾಲ್ಕನೆಯದು ಮೇಲೆದ್ದಾಗ.

ಡ್ರೈವರ್ ಎದ್ದ. ಕಿವಿಯಿಂದ ರಕ್ತ ಸಣ್ಣಗೆ ಕತ್ತಿನವರೆಗೆ ಇಳಿದಿತ್ತು. ಕಾರಿನ ಕೀ ತೆಗೆದು ಬಾನೆಟ್ಟಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದ. "ಕಳ್ಳನಿಗೆ ಸರಿಯಾಗಿ ಬಿತ್ತು," ಅಂತ ಟೀ ಅಂಗಡಿಯ ಕಡೆಯಿಂದ ಯಾರೋ ಅಂದರು. ಯಜಮಾನರು "ಟ್ಯಾಂಕ್ ತೊಳೆದಿಡು" ಎಂದು ಹೇಳಿ ಆಟೋ ಹತ್ತಿದರು.

ಟ್ಯಾಂಕು ಇಳಿಸಿದೆ. ಮೊದಲು ಎರಡು ಹನಿ ಪೆಟ್ರೋಲನ್ನು ಬಿಳಿ ಕಾಗದದ ಮೇಲೆ ಬಿಟ್ಟೆ. ಸೀಮೆಎಣ್ಣೆ ಇದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. ಕಾಗದ ಆರಿತು, ಕಲೆಯಿಲ್ಲ. ಇನ್ನೊಂದು ಕಾಗದ ತೆಗೆದುಕೊಂಡೆ. ಅದರಲ್ಲೂ ಇಲ್ಲ.

ಟ್ಯಾಂಕನ್ನು ಮತ್ತೆ ಕೂರಿಸಿ ಎಂಜಿನ್ ಸ್ಟಾರ್ಟ್ ಮಾಡಿ, ಪ್ಲಗ್ಗಿಗೆ ಕರೆಂಟು ಒಯ್ಯುವ ವೈರುಗಳನ್ನು ಒಂದೊಂದಾಗಿ ಕಿತ್ತೆ. ಮೊದಲನೆಯದನ್ನು ಕಿತ್ತಾಗ ಎಂಜಿನ್ ನಡುಗಿತು. ಎರಡನೆಯದಕ್ಕೂ ನಡುಗಿತು. ಮೂರನೆಯದನ್ನು ಕಿತ್ತರೆ ಏನೂ ಬದಲಾಗಲಿಲ್ಲ. ಆ ಸಿಲಿಂಡರ್ ಮೊದಲೇ ಸತ್ತಿತ್ತು. ಪ್ಲಗ್ ಬಿಚ್ಚಿದೆ, ಪೆಟ್ರೋಲಿನಲ್ಲಿ ತೊಯ್ದಿತ್ತು. ಹೊಸದು ಹಾಕಿದೆ, ಅದೇ ಕಥೆ. ಕೊನೆಗೆ ಶಟರ್ ಎಳೆದು ಒಳಗೆ ಕತ್ತಲು ಮಾಡಿಕೊಂಡು ವೈರಿನ ಮೇಲೆ ಸ್ವಲ್ಪ ನೀರು ಚಿಮುಕಿಸಿದೆ. ಟಿಕ್ ಟಿಕ್ ಎಂದು ನೀಲಿ ಕಿಡಿ ವೈರಿನ ನಡುವಿನಿಂದಲೇ ಎಂಜಿನ್ನಿನ ಮೈಗೆ ಹಾರುತ್ತಿತ್ತು. ಕೂದಲೆಳೆಯಷ್ಟು ಬಿರುಕು. ಪ್ಲಗ್ಗಿಗೆ ಕಿಡಿ ತಲುಪುತ್ತಲೇ ಇರಲಿಲ್ಲ.

ಬಗ್ಗಿ ಕಾರಿನ ಅಡಿ ನೋಡಿದೆ. ಆ ಕತ್ತಲಲ್ಲಿ ಕನ್ವರ್ಟರ್ ಕೆಂಡದ ಹಾಗೆ ಮಂಕಾಗಿ ಕೆಂಪಗಿತ್ತು. ಮೂರನೇ ಸಿಲಿಂಡರಿನಲ್ಲಿ ಉರಿಯಬೇಕಾದ ಪೆಟ್ರೋಲು ಹದಿನೈದು ದಿನದಿಂದ ಅಲ್ಲಿಗೆ ಹೋಗಿ ಉರಿದಿತ್ತು. ಆರಿದ ಮೇಲೆ ಬಿಚ್ಚಿ ಟಾರ್ಚ್ ಬಿಟ್ಟೆ. ಜೇನುಹುಟ್ಟಿನ ಹಾಗೆ ಕಣ್ಣುಕಣ್ಣಾಗಿ ಇರಬೇಕಾದದ್ದು ಕರಗಿ ಮುದ್ದೆಯಾಗಿತ್ತು. ಹೊಗೆ ಹೋಗಲು ದಾರಿಯೇ ಇಲ್ಲದ ಮೇಲೆ ಪಿಕಪ್ ಎಲ್ಲಿಂದ ಬರಬೇಕು? ಡ್ರೈವರ್ ಏನೂ ಮಾಡಿರಲಿಲ್ಲ.

ಸಂಜೆ ಆ ವೈರನ್ನು ಜೇಬಿನಲ್ಲಿಟ್ಟುಕೊಂಡು ಸಿದ್ಧಾರ್ಥನಗರದ ಆಚೆ ಆತನ ವಠಾರ ಹುಡುಕಿಕೊಂಡು ಹೋದೆ. ಹೆಂಡತಿ ಬಾಗಿಲು ತೆಗೆದಳು. ಆತ ಕಿವಿಗೆ ಹತ್ತಿ ಇಟ್ಟುಕೊಂಡು ಗೋಡೆಗೊರಗಿ ಕೂತಿದ್ದ, ಎರಡು ಬೆರಳಿಗೆ ಪಟ್ಟಿ. ನಾನು ಎಲ್ಲ ಹೇಳಿದೆ.

"ಇನ್ನೊಂದ್ಸಲ ಏಳಿ. ಈ ಕಿವಿ ಕೇಳ್ತಿಲ್ಲ."

ಬಲಗಡೆ ಬಂದು ಕೂತು ಮತ್ತೆ ಹೇಳಿದೆ. "ತಪ್ಪು ನನ್ನದು. ನೋಡದೇನೇ ಅಂದ್ಬುಟ್ಟೆ."

ಆತ ನಿಧಾನವಾಗಿ ಎದ್ದು, ಪಟ್ಟಿಯಿಲ್ಲದ ಕೈಯಿಂದ ನನ್ನ ಬಾಯಿಗೆ ಹೊಡೆದ. ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಹೆಂಡತಿ ಕಿರುಚಿಕೊಂಡು ಆತನ ಷರ್ಟು ಹಿಡಿದೆಳೆದಳು. ನಾನು ಕೈ ಎತ್ತಲಿಲ್ಲ. ಇನ್ನೊಂದು ಹೊಡೆದ.

"ನನ್ನ ಕಳ್ಳ ಅಂದಿದ್ದು ಬೀದೀಲಿ ಕಣಣ್ಣಾ," ಅಂದ, ಏದುಸಿರು ಬಿಡುತ್ತ. "ನೀವು ಮನೆ ಒಳಕ್ಕೆ ಬಂದು ಕಳ್ಳ ಅಲ್ಲ ಅಂದ್ರೆ ಎಂಗೆ?"

ಮರುದಿನ ಯಜಮಾನರು ಬಂದಾಗ ಬೆಂಚು ತುಂಬಿತ್ತು. ಕರಗಿದ ಕನ್ವರ್ಟರನ್ನೂ ವೈರನ್ನೂ ರಸ್ತೆಯ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಪೆಟ್ರೋಲ್ ಶುದ್ಧವಾಗಿದೆ, ಆ ಡ್ರೈವರ್ ಕಳ್ಳನಲ್ಲ, ನಾನೇ ಬಾಯಿಗೆ ಬಂದದ್ದು ಅಂದೆ, ಅಂತ. ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಯಜಮಾನರು ಕನ್ವರ್ಟರನ್ನು ಚಪ್ಪಲಿಯಲ್ಲಿ ಒದ್ದರು. "ಸರಿ, ಹೊಸದು ಹಾಕು. ಊರಲ್ಲಿ ಡ್ರೈವರ್‌ಗಳಿಗೇನು ಬರವಾ?"

"ಆ ಡ್ರೈವರನ್ನ ಕರೆಸ್ತೀನಿ. ಇಲ್ಲೇ ನಿಂತು ತಪ್ಪಾಯ್ತು ಅನ್ನಿ. ಆಮೇಲೆ ಕೀ ಕೊಡ್ತೀನಿ."

ಯಜಮಾನರು ನನ್ನ ಕಾಲರ್ ಹಿಡಿದರು. ಅವರ ಉಂಗುರ ನನ್ನ ಕತ್ತನ್ನು ಕೊರೆಯಿತು. ನಾನು ಹಣೆಯಿಂದ ಅವರ ಮೂಗಿಗೆ ಗುದ್ದಿದೆ. ಮೂಳೆ ಮುರಿದದ್ದು ನನಗೇ ಕೇಳಿಸಿತು. ಆಮೇಲೆ ನಿಲ್ಲಿಸಲಿಲ್ಲ. ಬಾನೆಟ್ಟಿಗೆ ಒತ್ತಿ ಹಿಡಿದು ಹೊಡೆದೆ, ಬಿಳಿ ಪೇಂಟಿನ ಮೇಲೆಲ್ಲ ರಕ್ತ ಹತ್ತಿತು. ಹಿತವಾಗಿತ್ತು ಅಂತ ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಹಿತವಾಗಿತ್ತು. ನಿನ್ನೆ ಎದ್ದು ನಿಂತು ನೋಡಿದವರೇ ಇವತ್ತು ಓಡಿಬಂದು ನನ್ನನ್ನು ಎಳೆದು ಬಿಡಿಸಿದರು.

ಸ್ಟೇಷನ್ನಿನಲ್ಲಿ ಅರ್ಧ ದಿನ ಕೂರಿಸಿದರು. ಮಧ್ಯಾಹ್ನ ಡ್ರೈವರ್ ತಾನಾಗಿಯೇ ಆಸ್ಪತ್ರೆಯ ಚೀಟಿ ಹಿಡಿದುಕೊಂಡು ಬಂದ. ಕಿವಿಯ ತಮಟೆ ಹರಿದಿದೆ ಎಂದು ಅದರಲ್ಲಿ ಬರೆದಿತ್ತು. ಅದನ್ನು ಓದಿದ ಸಬ್ ಇನ್ಸ್‌ಪೆಕ್ಟರು, "ಈ ಮೆಕ್ಯಾನಿಕ್ ಮೇಲೆ ಕೇಸ್ ಆದ್ರೆ ನಿಮ್ಮ ಮೇಲೂ ಆಗುತ್ತೆ, ಏನ್ ಮಾಡ್ತೀರಿ?" ಎಂದು ಯಜಮಾನರನ್ನು ಕೇಳಿದರು. ಮೂಗಿಗೆ ಹತ್ತಿ ತುರುಕಿಕೊಂಡಿದ್ದ ಯಜಮಾನರು ದೂರು ವಾಪಸ್ ತೆಗೆದುಕೊಂಡರು. ಡ್ರೈವರ್ ಕಡೆ ಮಾತ್ರ ತಿರುಗಲಿಲ್ಲ. ಕಾರನ್ನು ಬೇರೆ ಗ್ಯಾರೇಜಿನವರು ಎಳೆದುಕೊಂಡು ಹೋದರು.

ಟೀ ಅಂಗಡಿಯವನೇ ತನ್ನ ಭಾವನಿಗೆ ಹೇಳಿ ಡ್ರೈವರ್‌ಗೆ ಶಾಲೆಯ ವ್ಯಾನ್ ಓಡಿಸುವ ಕೆಲಸ ಕೊಡಿಸಿದ. ಆ ವ್ಯಾನನ್ನು ಆತ ಯಾವತ್ತೂ ನನ್ನ ಹತ್ತಿರ ರಿಪೇರಿಗೆ ತರಲಿಲ್ಲ. ದಾರಿಯಲ್ಲಿ ಎದುರಾದರೆ ಸ್ಟೇರಿಂಗಿನಿಂದ ಎರಡು ಬೆರಳು ಎತ್ತುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ.