ಮಗ್ಗದ ಸದ್ದಿನ ಮೇಲೆ ಕೂಗಿದ ಓದು

ಹದಿನಾರು ದಿನದ ಹಿಂದೆ ನನ್ನ ತಮ್ಮ ತಿಪ್ಪೇಶಿ ಇನ್ಸ್‌ಪೆಕ್ಟರ್ ಸಾಹೇಬರು ಕಿವಿ ಮುಚ್ಚಿಕೊಳ್ಳುವಂತೆ ಮಾಡಿದ.

ಸಾಹೇಬರು ನಮ್ಮ ಮೊಳಕಾಲ್ಮೂರಿನ ಸ್ಕೂಲು ನೋಡಲು ಬಂದಿದ್ದರು. ತಿಪ್ಪೇಶಿಯನ್ನು ಎಬ್ಬಿಸಿ ಲೆಕ್ಕ ಕೇಳಿದರು. "ಸೀರೆ ಹದಿನೆಂಟು ಮೊಳ. ನಿಮ್ಮಣ್ಣ ದಿನಕ್ಕೆ ಒಂದೂವರೆ ಮೊಳ ನೇಯ್ತಾನೆ. ಎಷ್ಟು ದಿನಕ್ಕೆ ಸೀರೆ ಮುಗಿಯುತ್ತೆ?"

ತಮ್ಮ ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, "ಹದಿನೆಂಟೊಂದ್ಲಿ ಹದಿನೆಂಟು! ಹದಿನೆಂಟೆರಡ್ಲಿ ಮೂವತ್ತಾರು!" ಎಂದು ಕೂಗತೊಡಗಿದ. "ಮೆಲ್ಲಗಪ್ಪಾ, ನಾನು ಇಲ್ಲೇ ನಿಂತಿದ್ದೀನಿ" ಅಂದರಂತೆ ಸಾಹೇಬರು. ಕ್ಲಾಸೆಲ್ಲ ನಕ್ಕಿತು. ಮಗ್ಗಿ ಮುಗಿಯಿತು. ಉತ್ತರ ಬರಲಿಲ್ಲ.

ಆ ಸಂಜೆ ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. "ಹದಿನೈದು ದಿನ ಬಿಟ್ಟು ನಾನೇ ಕೇಳ್ತೀನಿ. ಆಗಲೂ ಹೀಗೇ ಆದರೆ ಲೋವರ್ ಸೆಕೆಂಡರಿ ಪರೀಕ್ಷೆಗೆ ದುರ್ಗಕ್ಕೆ ಕಳಿಸೋದಿಲ್ಲ. ಮಗ್ಗಕ್ಕೇ ಕೂರಿಸ್ಕೊಳ್ರಿ."

ತಪ್ಪು ಹುಡುಗನದಲ್ಲ ಎಂದು ನನಗೆ ಅಲ್ಲೇ ಗೊತ್ತಾಯಿತು. ಅಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಅಪ್ಪ ಹೋದ ಮೇಲೆ ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟು ಮಗ್ಗದ ಗುಂಡಿಗೆ ಇಳಿದವನು. (ವಾರವಾರ ನಾನು ಪತ್ರಿಕೆಗೆ ಬರೆಯುವ ಈ ಅಂಕಣದ ಕಾಗುಣಿತ ತಿದ್ದುವವನು ತಮ್ಮನೇ. ಈ ವಾರ ಏನು ಮುಖ ಮಾಡುತ್ತಾನೋ!)

ನೇಕಾರರ ಮನೆಯಲ್ಲಿ ಕೆಲಸ ಎಂದರೆ ಸದ್ದು. ಮಗ್ಗ ಬಡಿಯುತ್ತಿದ್ದರೆ ಕೂಲಿ. ಒಂದು ಗಳಿಗೆ ನಿಂತರೂ ಅವ್ವ ಒಲೆ ಮುಂದಿನಿಂದಲೇ ಕೇಳುತ್ತಾಳೆ, "ಯಾಕಪ್ಪಾ, ಏನಾಯ್ತು?" ಅದೇ ಕಾನೂನನ್ನು ನಾನು ಓದಿಗೂ ಹಾಕಿದೆ. ಮಗ್ಗದ ಸದ್ದಿನ ಮೇಲೆ ತಮ್ಮನ ದನಿ ಕೇಳಬೇಕು. ಕೇಳದಿದ್ದರೆ, "ಲೇ ತಿಪ್ಪೇಶಿ, ಬಾಯಿ ಬಿಡಲೇ! ನಿದ್ದೆ ಮಾಡ್ತೀಯೇನಲೇ?"

ಅವನು ಕೂಗಿದ. ಎಷ್ಟು ಕೂಗಿದನೆಂದರೆ, ಪಕ್ಕದ ಮನೆಯ ಮಗ್ಗದಲ್ಲಿ ಕೂರುವ ಓಬಣ್ಣ ಮಾವ, "ನಿನ್ನ ತಮ್ಮನ ವಿಷಯ ಗೊತ್ತಿಲ್ಲಪ್ಪ, ಭೂಗೋಳದಾಗೆ ನಾನಂತೂ ಪಾಸಾಗ್ತೀನಿ" ಅನ್ನುತ್ತಿದ್ದ. ನನಗೆ ಅದರಲ್ಲೂ ಹೆಮ್ಮೆ!

ಒಂದು ದಿನ ತಮ್ಮ ಪುಸ್ತಕ ಮುಚ್ಚಿ, ಸುಮ್ಮನೆ ಗೋಡೆ ನೋಡುತ್ತ ಕೂತಿದ್ದ. "ಓದಿದ್ದು ನೆನಪೈತಾ ಅಂತ ನೋಡ್ತಿದ್ದೆ ಕಣಣ್ಣ" ಅಂದ. ನನ್ನ ಕೈಗೆ ಸಿಕ್ಕಿದ್ದು ನೂಲು ಓಡಿಸುವ ಮರದ ಲಾಳಿ. ಎಸೆದೆ. ಹಣೆಗೆ ತಗುಲಿತು. ಗಾಯವೇನೋ ಮಾಯಿತು. ಆದರೆ ಅವನು ಅವತ್ತಿನಿಂದ ಸುಮ್ಮನೆ ಕೂತು ಯೋಚಿಸುವುದನ್ನೇ ಬಿಟ್ಟ.

ನೇಯುವ ಕೈಯಿಂದಲೇ ಅವನ ಯೋಚನೆಯ ಎಳೆ ಬಿಡಿಸಿಬಿಟ್ಟೆನಲ್ಲ?

ಹೆಡ್‌ಮಾಸ್ಟರ ಮಾತು ಕೇಳಿ ಬಂದ ಮರುದಿನ ಬೆಳಿಗ್ಗೆ ನಾನು ಮಗ್ಗಕ್ಕೆ ಇಳಿಯಲಿಲ್ಲ. "ನಿನಗೆ ಹೆಂಗೆ ಬೇಕೋ ಹಂಗೆ ಓದು" ಅಂದೆ. ಪಾಪ, ಅವನು ಮೊದಲು ನನ್ನ ಕೈ ನೋಡಿದ. ಲಾಳಿ ಐತೇನೋ ಅಂತ.

ಆಮೇಲೆ ಒಂದು ಪುಟ ಓದಿದ. ಪುಸ್ತಕ ಮುಚ್ಚಿದ. ನೆನಪಿದ್ದಷ್ಟನ್ನು ಸ್ಲೇಟಿನ ಮೇಲೆ ಬರೆದ. ತಪ್ಪಿದ್ದನ್ನು ಮಾತ್ರ ಮತ್ತೆ ಓದಿದ. ಕೊನೆಗೆ ನನ್ನನ್ನೇ ಕೂರಿಸಿಕೊಂಡು ಪಾಠ ಹೇಳಿದ. "ನಿನಗೆ ತಿಳಿದರೆ ನನಗೂ ತಿಳಿದಂಗೆ ಅಣ್ಣ." (ಮೂರನೇ ಕ್ಲಾಸಿನವನಿಗಿಂತ ಕಷ್ಟದ ಪರೀಕ್ಷಕ ಎಲ್ಲಿ ಸಿಗುತ್ತಾನೆ?)

ಒಳಗಿನಿಂದ ಅವ್ವ ಕೇಳಿದಳು, "ಯಾಕಪ್ಪಾ, ಸದ್ದೇ ಇಲ್ಲ?"

"ಓದು ನಡದೈತವ್ವ" ಅಂದೆ.

ದಿನಾ ಬೆಳಿಗ್ಗೆ ಅಷ್ಟು ಹೊತ್ತು ಮಗ್ಗ ನಿಂತೇ ಇತ್ತು.

ನಿನ್ನೆ ಹೆಡ್‌ಮಾಸ್ಟರು ಬೇರೆಯೇ ಲೆಕ್ಕ ಕೊಟ್ಟರು. ಚಳ್ಳಕೆರೆಯ ಕಂಬಳಿ ನೇಕಾರ ದಿನಕ್ಕೆ ಎರಡೂವರೆ ಮೊಳ ನೇಯ್ದರೆ ಹತ್ತು ಮೊಳಕ್ಕೆ ಎಷ್ಟು ದಿನ? ತಮ್ಮ ಗೋಡೆ ನೋಡುತ್ತ ನಿಂತ. ಹುಡುಗರು ಕಿಸಕ್ಕೆಂದರು. ಬಾಗಿಲ ಹೊರಗೆ ನಿಂತಿದ್ದ ನನ್ನ ನಾಲಿಗೆ ತುದಿಗೆ "ಬಾಯಿ ಬಿಡಲೇ" ಬಂದೇಬಿಟ್ಟಿತ್ತು. ನುಂಗಿಕೊಂಡೆ.

"ಎರಡು ದಿನಕ್ಕೆ ಐದು ಮೊಳ ಸಾರ್. ಹತ್ತಕ್ಕೆ ನಾಲ್ಕು ದಿನ" ಅಂದ. ಮೆತ್ತಗೆ.

ಹೆಡ್‌ಮಾಸ್ಟರು ತಲೆಯಾಡಿಸಿದರು. ತಿಪ್ಪೇಶಿ ದುರ್ಗಕ್ಕೆ ಹೋಗುತ್ತಾನೆ.

ಓದುವ ಮಕ್ಕಳ ಅಣ್ಣಂದಿರೇ, ಅಪ್ಪ-ಅವ್ವಂದಿರೇ, ಮಗು ಸುಮ್ಮನಾದಾಗ ನಾವೂ ಒಂದಿಷ್ಟು ಹೊತ್ತು ಸುಮ್ಮನಿರಬಹುದಲ್ಲವೇ?