ತವರಿನ ದಾರಿಯಲ್ಲಿ ಕುದಿಯುತ್ತಿದ್ದ ಕಾರು

ಗಂಡಸರಿಗೆ ಮದುವೆಯಾದ ಮೇಲೂ ಹುಚ್ಚು ಬಿಡುವುದಿಲ್ಲ ಎಂದು ನನಗೆ ಗೊತ್ತಾದದ್ದು ನಮ್ಮ ಯಜಮಾನರು ನಾಗಮಂಗಲದಿಂದ ಒಂದು ಹಳೇ ಕೆಂಪು ಕಾರು ತಂದು ಮನೆ ಮುಂದೆ ನಿಲ್ಲಿಸಿದ ದಿನ. ತೊಂಬತ್ತರ ದಶಕದ ಶುರುವಿನ ಮಾತು. ನಾವಾಗ ಶ್ರೀರಂಗಪಟ್ಟಣದಲ್ಲಿದ್ದೆವು, ಇವರು ಅಲ್ಲಿ ಹೈಸ್ಕೂಲು ಮೇಷ್ಟ್ರು. ಎರಡೇ ಬಾಗಿಲು, ಮಡಚುವ ಬಟ್ಟೆಯ ಚಾವಣಿ, ಹಂಪು ಬಂದರೆ ನೆಲಕ್ಕೆ ಉಜ್ಜುವ ಹೊಟ್ಟೆ. ಸ್ಪೋರ್ಟ್ಸ್ ಕಾರಂತೆ! ಹಳೆಯ ಸ್ನೇಹಿತನೊಬ್ಬ ಅಗ್ಗಕ್ಕೆ ಕೊಟ್ಟಿದ್ದ. "ಅವನ ಕೊಟ್ಟಿಗೆ ಖಾಲಿ ಮಾಡಿಕೊಟ್ಟು ಬಂದಿದ್ದೀರಿ" ಎಂದೆ. ಇವರು ಕೇಳಿಸಿಕೊಳ್ಳಲಿಲ್ಲ. ನನ್ನ ಹಳೇ ಸೀರೆಯ ತುಂಡಿನಲ್ಲಿ ಅದರ ಮೈ ಒರೆಸುತ್ತಿದ್ದರು.

ನಾನು ಸುಮ್ಮನಾದದ್ದು ಒಂದೇ ಕಾರಣಕ್ಕೆ. ನನ್ನ ತವರು ಕೆ.ಆರ್. ಪೇಟೆ ಕಡೆ, ಹೊಸಹೊಳಲಿನ ಆಚೆಯ ಹಳ್ಳಿ. ಎರಡು ಕಡೆ ಬಸ್ಸು ಬದಲಾಯಿಸಿ ಹೋಗುವುದೆಂದರೆ ಇವರಿಗೆ ಆಗದು. ಗೌರಿ ಹಬ್ಬಕ್ಕೊಮ್ಮೆ ಹೋದರೆ ಆ ವರ್ಷಕ್ಕೆ ಮುಗಿಯಿತು. ಆದರೆ ಹೋದಾಗ ರಾತ್ರಿ ಉಳಿಯುತ್ತಿದ್ದೆವು, ಯಾಕೆಂದರೆ ವಾಪಸ್ಸು ಬರಲು ಸಂಜೆ ಬಸ್ಸಿರಲಿಲ್ಲ. ಕಾರು ಬಂದ ಮೇಲೆ ತಿಂಗಳಿಗೊಂದು ಭಾನುವಾರ ಹೋಗತೊಡಗಿದೆವು. ಬೆಳಿಗ್ಗೆ ಹೋಗುವುದು, ಬಿಸಿಲು ಇಳಿಯುತ್ತಿದ್ದಂತೆ ಹೊರಡುವುದು.

"ಇವತ್ತೊಂದಿನ ಉಳ್ಕಳಿ ಅಳಿಯಂದ್ರೇ" ಎಂದು ಅವ್ವ ಪ್ರತಿ ಸಲ ಅನ್ನುವಳು.

"ಕಾರಿದೆಯಲ್ಲತ್ತೆ, ಉಳಿಯೋದ್ಯಾಕೆ?" ಎಂದು ಇವರು ಬೀಗದ ಕೈ ಆಡಿಸುತ್ತಾ ನಿಲ್ಲುವರು.

ಆಮೇಲೆ ಕಾರು ಕುದಿಯುವುದು ಶುರುವಾಯಿತು. ಮೊದಲ ಸಲ, ತವರಿನಿಂದ ಹೊರಟು ಕೆರೆ ಏರಿ ದಾಟಿದ್ದೆವಷ್ಟೇ, ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಎದ್ದಿತು. ನಾನು ಬೆಂಕಿಯೇ ಬಿತ್ತೆಂದು ಚೀರಿ ಚಪ್ಪಲಿ ಬಿಟ್ಟು ರಸ್ತೆಗೆ ಹಾರಿದೆ. ನಮ್ಮಣ್ಣ ಟ್ರಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ವಾಪಸ್ಸು ಎಳೆದು ತಂದ. ಆವತ್ತು ಅಲ್ಲೇ ಉಳಿದೆವು. ಅವ್ವ ಕೋಳಿ ಕೊಯ್ಸಿ ಸಾರು ಮಾಡಿದಳು.

ಪಟ್ಟಣದ ಮೆಕ್ಯಾನಿಕ್ಕು ಫ್ಯಾನ್ ಬೆಲ್ಟು ಸಡಿಲವಾಗಿದೆ ಎಂದು ಬಿಗಿಮಾಡಿದ. ಎರಡನೇ ಸಲ ಕುದಿದಾಗ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡಿದ. ಮೂರನೇ ಸಲ ಇಂಜಿನ್ನಿನ ತಲೆ ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕಿದ. ಪ್ರತಿ ಸಲವೂ ಒಳಗಿನಿಂದ ಕಂದು ನೀರು ಚೆಲ್ಲಿ, "ಪೂರಾ ತುಕ್ಕು ಹಿಡಿದಿದೆ ಸಾರ್" ಎಂದು ಹೊಸ ನೀರು ತುಂಬುತ್ತಿದ್ದ. ಆಮೇಲೆ ಮೈಸೂರಿಗೆ ಹೋಗಿ ಬಂದರೂ ಕಾವಿನ ಮುಳ್ಳು ಮೇಲೇಳುತ್ತಿರಲಿಲ್ಲ. ನನ್ನ ತವರಿನಿಂದ ಹೊರಟರೆ ಮಾತ್ರ ಕುದಿ!

"ನಿಮ್ಮೂರ ಗಾಳಿನೇ ಸರಿಯಿಲ್ಲ ಕಣೇ. ಇನ್ನೊಂದ್ಸಲ ಕುದೀಲಿ, ಮಾರಿಬಿಡ್ತೀನಿ" ಎಂದರು ಇವರು.

ನನಗೆ ಉರಿದುಹೋಯಿತು. ಹೆದರಿಕೆಯೂ ಆಯಿತು. ಕಾರು ಹೋದರೆ ಅವ್ವನ ಮುಖ ನೋಡುವುದು ಮತ್ತೆ ಗೌರಿ ಹಬ್ಬಕ್ಕೇ.

ಮುಂದಿನ ಸಲವೂ ಕುದಿಯಿತು. ಮಾರನೆಯ ಬೆಳಿಗ್ಗೆ ದಾರಿಯಲ್ಲಿ ಕಂಡ ಪಂಪುಗಳಲ್ಲೆಲ್ಲ ನೀರು ಹಿಡಿದು ತುಂಬುತ್ತಾ ತೆವಳಿಕೊಂಡು ಪಾಂಡವಪುರ ಮುಟ್ಟಿದೆವು. ಅಲ್ಲಿ ರೇಡಿಯೇಟರು ರಿಪೇರಿ ಮಾಡುವ ಸಾಬರೊಬ್ಬರ ಅಂಗಡಿಯಿತ್ತು. ಅವರು ರೇಡಿಯೇಟರನ್ನೇ ಕೆಳಗಿಳಿಸಿ, ಬೆಸುಗೆ ಕರಗಿಸಿ ಮೇಲಿನ ತೊಟ್ಟಿ ಎಬ್ಬಿಸಿದರು. ಎಬ್ಬಿಸಿದವರು ಹಾಗೇ ಕೂತುಬಿಟ್ಟರು.

"ಯಾ ಅಲ್ಲಾ! ಏನ್ ಸಾರ್ ಇದು, ಗಾಡಿಗೆ ಮುದ್ದೆ ಉಣ್ಸಿದ್ದೀರಾ?"

ಬಗ್ಗಿ ನೋಡಿದೆವು. ನೀರು ಹರಿಯುವ ಸಣ್ಣ ಕೊಳವೆಗಳ ಬಾಯಿಗೆಲ್ಲ ಕಂದು ಹಿಟ್ಟು ಬೆಂದು, ತಳ ಹಿಡಿದ ಮುದ್ದೆಯಂತೆ ಕಚ್ಚಿಕೊಂಡಿತ್ತು. ಸೋರುವ ರೇಡಿಯೇಟರಿಗೆ ನಮ್ಮ ಕಡೆಯವರು ಒಂದು ಹಿಡಿ ರಾಗಿಹಿಟ್ಟು ಹಾಕಿ ತೂತು ಮುಚ್ಚುವುದುಂಟು. "ಇದು ಒಂದು ಹಿಡಿ ಅಲ್ಲ ಸಾರ್, ಸೇರುಗಟ್ಟಲೆ ಬಿದ್ದದೆ" ಎಂದರು ಸಾಬರು.

ಇವರ ಮುಖ ಕಾರಿಗಿಂತ ಕೆಂಪಾಯಿತು. "ಸೋರೋ ಗಾಡಿಗೆ ಹಿಟ್ಟು ಮೆತ್ತಿ ನನ್ನ ತಲೆಗೆ ಕಟ್ಟಿದ್ದಾನೆ! ನಾಳೆನೇ ನಾಗಮಂಗಲಕ್ಕೆ ಹೋಗಿ ಅವನ ಕೊರಳಪಟ್ಟಿ ಹಿಡೀತೀನಿ, ಸ್ನೇಹಿತನಂತೆ ಸ್ನೇಹಿತ!"

ಆಗಲೇ ನನ್ನ ಮೂಗಿಗೆ ಒಂದು ವಾಸನೆ ಬಡಿಯಿತು. ಮೆಂತ್ಯ. ನಮ್ಮವ್ವ ಮೈಗೆ ತಂಪು ಎಂದು ರಾಗಿ ಜೊತೆ ಮೆಂತ್ಯ ಬೆರೆಸಿ ಮಿಲ್ಲಿಗೆ ಹಾಕಿಸುತ್ತಿದ್ದಳು. ಹುಟ್ಟಿದಾಗಿನಿಂದ ಆ ಹಿಟ್ಟು ತಿಂದು ಬೆಳೆದವಳು ನಾನು. ಅಯ್ಯೋ ನನ್ನವ್ವಾ, ನೀನಾ!

"ನಾಗಮಂಗಲಕ್ಕೆ ನಾಳೆ ಹೋಗಬೇಡಿ, ಮೊದಲು ಕಾರು ಸರಿಮಾಡಿಸಿಕೊಂಡು ಅವ್ವನ ಮನೆಗೆ ಬನ್ನಿ" ಎಂದಷ್ಟೇ ಹೇಳಿ ಬಸ್‌ಸ್ಟಾಂಡಿಗೆ ನಡೆದೆ.

ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟಿದೆ. ಅವ್ವ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವಳು ನನ್ನನ್ನು ಕಂಡು ಅರಳಿದಳು. "ಬಸ್ಸಲ್ಲಿ ಬಂದ್ಯಾ ಮಗಾ? ಅಂಗಾರೆ ಇವತ್ತು ಉಳ್ಕತೀಯ."

"ಕಾರಿಗೆ ಹಿಟ್ಟು ಹಾಕಿದ್ದು ನೀನೇನವ್ವಾ?"

ಅವಳು ಇಲ್ಲವೆನ್ನಲಿ ಎಂದು ನನ್ನ ಜೀವ ಬೇಡುತ್ತಿತ್ತು. ಅವಳು ಹಸುವಿನ ಕೆಚ್ಚಲಿನಿಂದ ಕೈ ತೆಗೆದಳು.

"ಮೊದ್ಲು ಅಡೀಲಿ ನೀರು ತೊಟ್ಟಿಕ್ಕದು ಕಂಡೆ ಕಣವ್ವ. ನಿಮ್ಮಣ್ಣ ಟ್ರಾಕ್ಟರಿಗೆ ಆಕ್ತಾನಲ್ಲ ಅಂಗೇ ಒಂದಿಡಿ ಆಕ್ದೆ. ಕಾರು ಕೆಟ್ಟೋಗಿ ನೀವು ತಿರ್ಗಾ ಬಂದ್ಬುಟ್ರಿ. ಅವತ್ತು ನೀನು ನನ್ ಮಗ್ಗುಲಲ್ಲೇ ಮಲಿಕ್ಕಂಡಿದ್ದೆ."

"ಆಮೇಲೆ?"

"ಆಮೇಲೆ ಬೇಕೂಂತ್ಲೇ ಆಕ್ದೆ. ನೀವು ಉಣ್ತಾ ಕುಂತಿರೋವಾಗ."

ಕಾರಿನ ಮುಚ್ಚಳ ತಿರುಗಿಸುವುದನ್ನು ಕಲಿತು, ಸೆರಗಿನಲ್ಲಿ ಹಿಟ್ಟು ಕಟ್ಟಿಕೊಂಡು, ಅಳಿಯನ ಕಣ್ಣು ತಪ್ಪಿಸಿ ಹೋಗಿದ್ದಾಳೆ ನನ್ನವ್ವ! ಕೋಳಿ ಸಾರು ಮಾಡಿ ಬಡಿಸಿ, "ಅಯ್ಯೋ ಪಾಪ, ಗಾಡಿಗೇನಾಯ್ತು" ಎಂದು ಲೊಚಗುಟ್ಟಿದವಳೂ ಇವಳೇ.

"ನಿಂಗೆ ಬುದ್ಧಿ ಎಲ್ಲಿ ಹೋಗಿತ್ತವ್ವಾ? ದಾರೀಲಿ ಏನಾದ್ರೂ ಆಗಿದ್ರೆ? ಅವರು ಕಾರೇ ಮಾರ್ತಾರಂತೆ. ಇನ್ಮೇಲೆ ವರ್ಷಕ್ಕೊಂದ್ಸಲ ನನ್ ಮುಖ ನೋಡು!" ಎಂದು ಕಿರುಚಿದೆ.

"ಮಾರ್ತಾರಾ?" ಅವ್ವ ಅಲ್ಲೇ ಸೆಗಣಿ ನೆಲದ ಮೇಲೆ ಕುಸಿದು ಕೂತಳು. ಹಾಲಿನ ಚೊಂಬು ಉರುಳಿತು. ಅವಳು ಅದನ್ನು ಎತ್ತಲೂ ಇಲ್ಲ.

ಆ ರಾತ್ರಿ ಅವಳ ಮಗ್ಗುಲಲ್ಲೇ ಮಲಗಿದೆ, ಗೋಡೆ ಕಡೆ ಮುಖ ಮಾಡಿ.

ಮಾರನೆಯ ದಿನ ಮಧ್ಯಾಹ್ನ ಇವರು ಸ್ಕೂಲಿಗೆ ರಜೆ ಹಾಕಿ ಬಂದರು. ಕಾರು ಹದವಾಗಿ ಗುರುಗುಟ್ಟುತ್ತಿತ್ತು. ಇಳಿಯುತ್ತಲೇ, "ನಡಿ, ಹಿಂಗೇ ನಾಗಮಂಗಲಕ್ಕೆ ಹೋಗಿ ಆ ಕಳ್ಳನ್ನ ವಿಚಾರಿಸ್ಕೊಂಡು ಬರೋಣ" ಎಂದರು.

ನಾನು ಬಾಯಿ ತೆಗೆಯುವ ಮೊದಲೇ ಅವ್ವ ಹೊಸ್ತಿಲ ಮೇಲೆ ಬಂದು ನಿಂತಳು. "ಅವ್ರದೇನೂ ತಪ್ಪಿಲ್ಲ ಅಳಿಯಂದ್ರೇ. ಇಟ್ಟು ಆಕಿದ್ದು ನಾನು. ನನ್ನ ಮಗಳು ಒಂದ್ರಾತ್ರಿ ಉಳೀಲಿ ಅಂತ ಆಕ್ದೆ. ನನ್ನ ಏನಾರಾ ಅನ್ನಿ, ಕಾರು ಮಾತ್ರ ಮಾರ್ಬ್ಯಾಡಿ."

ಇವರು ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು, ಕಾರು ನೋಡಿದರು. ಜಗಲಿ ಮೇಲೆ ಕೂತು ಕೊಟ್ಟ ಕಾಫಿ ಕುಡಿದರು. ಬೈಯಲಿಲ್ಲ, ನಗಲೂ ಇಲ್ಲ. ನನಗೆ ಅದೇ ಹೆಚ್ಚು ಭಯವಾಯಿತು.

ಬಿಸಿಲು ಇಳಿಯಿತು. ಈ ಸಲ ಉಳಿಯಿರಿ ಎಂದು ಅವ್ವ ಕೇಳಲಿಲ್ಲ. ತಾನೇ ನನ್ನ ಚೀಲ ತಂದು ಕಾರಿನ ಸೀಟಿನ ಮೇಲಿಟ್ಟು, "ಒರಡಿ, ಒತ್ತಾಯ್ತದೆ" ಎಂದು ಆಚೆ ತಿರುಗಿ ನಿಂತಳು.

ಇವರು ಎದ್ದು ಬಾನೆಟ್ ಎತ್ತಿದರು. ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿ ತೆಗೆದರು. ತಗೊಂಡು ಹೋಗಿ ಅವ್ವನ ಮುಂದೆ ಹಿಡಿದರು.

"ಇದು ನಿಮ್ಮ ಹತ್ರ ಇರ್ಲಿ ಅತ್ತೆ. ಇದಿಲ್ಲದೆ ಗಾಡಿ ಹೋಗಲ್ಲ. ಬಂದಾಗೆಲ್ಲ ಕೊಡ್ತೀನಿ, ಹಿಟ್ಟು ಮಾತ್ರ ಹಾಕ್ಬೇಡಿ."

ಅವ್ವ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಸೆರಗಿನಲ್ಲಿ ಒರೆಸಿದಳು. ಆಮೇಲೆ ಕೇಳಿದಳು, "ಬೆಳಿಗ್ಗೆ ಎಷ್ಟೊತ್ಗೆ ಬೇಕು?"

"ನೀವು ಕೊಟ್ಟಾಗ."

ಕೊಟ್ಟಳು, ಮಾರನೆಯ ದಿನ ಮಧ್ಯಾಹ್ನದ ಊಟ ಆದ ಮೇಲೆ.