ಎರಡು ಸಲ ಬಂದ ಗಂಟೆ

ಹಲೀನಾ ವೊಯ್ಚಿಕ್ ವಕೀಲಿಗೆ ಬಂದದ್ದು ವಯಸ್ಸು ನಲವತ್ತರ ಹತ್ತಿರವಾದಾಗ. ಅದಕ್ಕೆ ಮೊದಲು ನ್ಯೂ ಬ್ರಿಟನ್ ಊರಿನ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ರಾತ್ರಿ ಪಾಳಿಯ ನರ್ಸು. ಹಗಲು ನಿದ್ದೆಗೆಟ್ಟು ಕಾನೂನು ಓದಿದಳು. ಹಾರ್ಟ್‌ಫರ್ಡಿನ ಕಚೇರಿಯವರು ಅವಳ ತಲೆಗೆ ಕಟ್ಟಿದ್ದು ಯಾರಿಗೂ ಬೇಡವಾದ ಮರುವಿಮೆ ವ್ಯಾಜ್ಯಗಳನ್ನು. ಮರುವಿಮೆ ಅಂದರೆ ಬ್ರಹ್ಮವಿದ್ಯೆಯೇನಲ್ಲ. ನಮಗೆ ವಿಮೆ ಕೊಟ್ಟ ಕಂಪನಿ ತನಗೂ ಭಯವಾಗಿ ಇನ್ನೊಂದು ದೊಡ್ಡ ಕಂಪನಿಯಲ್ಲಿ ವಿಮೆ ಇಳಿಸುತ್ತದೆ, ಅಷ್ಟೇ. ಹೊತ್ತು ಬಂದಾಗ ಇಬ್ಬರೂ ಜುಟ್ಟು ಹಿಡಿಯುತ್ತಾರೆ. ಆ ಜಗಳದ ಹಳೇ ಕಾಗದ ಕೆದಕುವುದೆಂದರೆ ಹಲೀನಾಗೆ ಪಂಚಪ್ರಾಣ.

ಕೋರ್ಟಿನ ಬದಲು ಇಂಥ ಜಗಳ ತೀರಿಸುವ ಪಂಚರ ಮುಂದೆ ಅವಳೇ ನಿಂತು ವಾದಿಸಿದ್ದು ಪ್ಲೇನ್‌ಹಿಲ್ ಪರವಾಗಿ, ಮೊದಲ ಸಲ. ಪ್ಲೇನ್‌ಹಿಲ್ ಅಂದರೆ ಹೈನುಗಾರರು, ಸೇಬಿನ ತೋಟದವರು ಸೇರಿ ಕಟ್ಟಿಕೊಂಡ ಪುಟ್ಟ ವಿಮಾ ಸಂಘ. ಒಂದು ನವೆಂಬರಿನಲ್ಲಿ ಹಿಮಗಾಳಿ ಬೀಸಿ ಅಲ್ಲಿನ ಕೊಟ್ಟಿಗೆಗಳೆಲ್ಲ ಮಕಾಡೆ ಮಲಗಿದವು. ಮರುವಿಮೆಯ ಕರಾರಿನ ಪ್ರಕಾರ ಮೊದಲ ನಷ್ಟದಿಂದ ಎಪ್ಪತ್ತೆರಡು ಗಂಟೆಯೊಳಗೆ ಆದದ್ದೆಲ್ಲ ಒಂದೇ ಬಿರುಗಾಳಿಯ ಲೆಕ್ಕ, ಅದು ದೊಡ್ಡ ಕಂಪನಿಯ ತಲೆಗೆ; ಆಮೇಲಿನದು ಸಂಘದ ಹಣೆಬರಹ. ಮೊದಲ ಕೊಟ್ಟಿಗೆ ಬಿದ್ದದ್ದು ಗುರುವಾರ ನಸುಕಿನ ಒಂದೂಕಾಲಿಗೆ. ಎಲ್ಲಕ್ಕಿಂತ ದೊಡ್ಡ ನಷ್ಟ ಸೇಬಿನ ಶೀತಲಗೃಹದ್ದು; ಅದರ ಸೂರು ಕುಸಿದದ್ದು ಭಾನುವಾರ ನಸುಕಿನ ಒಂದು ಹತ್ತಕ್ಕೆ. ಐದು ನಿಮಿಷದಲ್ಲಿ ಬಚಾವಾದೆವು ಅಂದುಕೊಂಡ ಸಂಘದ ಮ್ಯಾನೇಜರ್ ಓರಿನ್.

ಆದರೆ ಅದು ಎಂಥ ಭಾನುವಾರ! ಚಳಿಗಾಲಕ್ಕೆಂದು ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ. ಎರಡಾಯಿತು ಅನ್ನುವಷ್ಟರಲ್ಲಿ ಮತ್ತೆ ಒಂದು. ಆ ಒಂದು ಗಂಟೆ ಎರಡು ಸಲ ಬರುತ್ತದೆ. ಸೂರು ಬಿದ್ದದ್ದು ಯಾವ ಒಂದು ಹತ್ತಕ್ಕೆ? ಮೊದಲನೆಯದಕ್ಕಾದರೆ ಕರಾರಿನ ಒಳಗೆ, ಎರಡನೆಯದಕ್ಕಾದರೆ ಐವತ್ತೈದು ನಿಮಿಷ ಹೊರಗೆ. ಶೀತಲಗೃಹದ ಅಲಾರಂ ಯಂತ್ರ 1:10 ಅಂತ ಬರೆದು ಕೈ ತೊಳೆದುಕೊಂಡಿತ್ತು.

"ಹೊರಗೆ ಅಂದ್ರೆ ನಾವು ಬಾಗಿಲು ಹಾಕ್ಕೋಬೇಕು ಮೇಡಂ," ಅಂದಿದ್ದ ಓರಿನ್.

ಸೂರಿನಡಿ ಸಿಕ್ಕಿ ಕೈ ಮುರಿದುಕೊಂಡ ಕಾವಲುಗಾರನಿಗೆ ಏನೂ ನೆನಪಿಲ್ಲ. ಅವನನ್ನು ಗಾಡಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋದ ನೆರೆಯವನು ಗಡಿಯಾರ ನೋಡಿರಲಿಲ್ಲ. ಉಳಿದದ್ದು ಆಸ್ಪತ್ರೆಯ ಒಂದು ಚೀಟಿ: ಬಂದ ಸಮಯ 1:05. ಸೂರು ಬೀಳುವುದಕ್ಕೆ ಐದು ನಿಮಿಷ ಮೊದಲೇ ಕೈ ಮುರಿದುಕೊಂಡು ಬಂದನೇ? ಎದುರು ವಕೀಲ ನಕ್ಕ. ಹಲೀನಾಳ ಕಚೇರಿಯವರೂ ನಕ್ಕು, ಯಾವಳೋ ನರ್ಸು ನಿದ್ದೆಗಣ್ಣಲ್ಲಿ ಗೀಚಿದ್ದು ಅಂತ ಚೀಟಿಯನ್ನು ಕಡತದ ತಳಕ್ಕೆ ತಳ್ಳಿದ್ದರು.

ಹಲೀನಾಗೆ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಕುತೂಹಲ. ರೋಗಿ ಒಳಗೆ ಬಂದ ಕೂಡಲೇ ಗೋಡೆ ಗಡಿಯಾರ ನೋಡಿ ಹೊತ್ತು ಬರೆಯುವುದು ಆ ಕೆಲಸದವರ ಕೈಗೇ ಗೊತ್ತು. ಪ್ರತಿ ನವೆಂಬರಿನಲ್ಲೂ ಆ ಒಂದು ರಾತ್ರಿ ಹನ್ನೆರಡು ಗಂಟೆಯ ಪಾಳಿಯನ್ನು ಹದಿಮೂರು ಗಂಟೆ ದುಡಿದವಳು ಅವಳು. ಮಧ್ಯಾಹ್ನ ಅಮ್ಮ ಕಟ್ಟಿಕೊಟ್ಟ ಗಸಗಸೆ ಸುರುಳಿ ತಿನ್ನುತ್ತ ಬೆರಳೆಣಿಸಿದಳು. ಎರಡನೆಯ ಒಂದು ಹತ್ತಕ್ಕೆ ಸೂರು ಬಿದ್ದಿದ್ದರೆ ಅವನು 1:05ಕ್ಕೆ ಬರಲು ಸಾಧ್ಯವೇ ಇಲ್ಲ. ಮೊದಲನೆಯದಕ್ಕೆ ಬಿದ್ದು, ಗಾಡಿ ಹಿಮದಲ್ಲಿ ಐವತ್ತೈದು ನಿಮಿಷ ತೆವಳಿದ್ದರೆ? ಅಷ್ಟರಲ್ಲಿ ಗಡಿಯಾರ ಹಿಂದಕ್ಕೆ ಹೋಗಿ, ಗೋಡೆಯ ಮೇಲೆ ಸರಿಯಾಗಿ ಒಂದು ಐದು. ಸುರುಳಿ ಅರ್ಧಕ್ಕೇ ಉಳಿಯಿತು.

ಹಿರಿಯ ವಕೀಲ ವಿಟ್ಕಾಂಬ್ ಒಪ್ಪಲಿಲ್ಲ. "ಇರಲಾರದೆ ಇರುವೆ ಬಿಟ್ಕೋಬೇಡ ಹಲೀನಾ. ಯಾವ ಒಂದು ಹತ್ತು ಅಂತ ಗೊತ್ತಾಗ್ದೆ ಇದ್ರೆ ಪಂಚರು ಅರ್ಧ ಕೊಡಿಸ್ತಾರೆ. ಆ ನರ್ಸನ್ನ ಕರೆಸಿ, ಅವಳು ತಪ್ಪು ಬರೆದೆ ಅಂದ್ಬಿಟ್ರೆ?"

"ಅಂದ್ರೆ ಎಲ್ಲಾ ಹೋಯ್ತು. ಆದ್ರೆ ಅವಳು ತಪ್ಪು ಬರ್ದಿಲ್ಲ ಸಾರ್."

"ನೋಡಿದೀಯಾ ಅವಳನ್ನ?"

"ಇಲ್ಲ. ಕೈಬರಹ ನೋಡಿದೀನಿ."

ಓರಿನ್‌ನನ್ನೇ ಕೇಳಿದರು. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತ. "ಕರೆಸಿ ಮೇಡಂ. ಅರ್ಧ ದುಡ್ಡು ಬಂದ್ರೆ ಊರಲ್ಲಿ ಯಾವ ಅರ್ಧಕ್ಕೆ ಇಲ್ಲ ಅನ್ಲಿ?"

ಹೇಳಿಕೊಟ್ಟು ಕರೆತಂದರು ಅನ್ನುವ ಮಾತು ಬರಬಾರದೆಂದು ಹಲೀನಾ ಆ ನರ್ಸಿಗೆ ಫೋನಿನಲ್ಲಿ ದಿನ ಮಾತ್ರ ತಿಳಿಸಿದಳು. ಪಂಚರು ಮೂವರು, ಎರಡು ಕಡೆಯಿಂದ ಒಬ್ಬೊಬ್ಬರು; ನಡುವಿನವರನ್ನು ಆರಿಸಿದ್ದು ಷೇರುಪೇಟೆಯ ಅಂದಿನ ಅಂಕಿಯ ಕೊನೆ ಸರಿಯೋ ಬೆಸವೋ ನೋಡಿ. ನಗಬೇಡಿ, ಈ ಕಸುಬಿನಲ್ಲಿ ಹಾಗೂ ಉಂಟು. ಲ್ಯೂಸಿಲ್ ಗಾನ್ಯೋ ಎಂಬ ಆ ನರ್ಸು, ಅರವತ್ತು ದಾಟಿದ ಹೆಂಗಸು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಈ ಒಂದು ಐದು, ಗಡಿಯಾರ ತಿರುಗಿಸೋಕೆ ಮುಂಚಿಂದೋ, ಆಮೇಲಿಂದೋ?" ಹಲೀನಾ ಚೀಟಿಯನ್ನು ಅವಳ ಮುಂದೆ ಹಿಡಿದು ಕೇಳಿದಳು.

"ಆಮೇಲಿಂದು. ನಾನೇ ಸ್ಟೂಲು ಹತ್ತಿ ತಿರುಗಿಸಿದೆ. ಇಳಿದು ಕೈ ಒರೆಸ್ಕೋತಿದ್ದೆ, ಆ ಮನುಷ್ಯನ್ನ ಎತ್ಕೊಂಡು ಬಂದ್ರು."

ಎದುರು ವಕೀಲ ಎದ್ದ. "ಎರಡು ವರ್ಷದಿಂದ ಈ ಚೀಟಿ ತಪ್ಪು ಅಂತ ನಾವೆಲ್ಲ ಬರೀತಾನೇ ಇದೀವಿ. ನೀವು ಯಾಕೆ ಒಂದು ಮಾತೂ ಹೇಳ್ಲಿಲ್ಲ?"

"ಕೆಳಗೆ ನನ್ನ ಹೆಸರಿತ್ತಲ್ಲ ಸ್ವಾಮಿ, ಯಾರಾದ್ರೂ ಕೇಳಿದ್ರಾ? ನಿಮ್ಮ ಕಾಗದ ನೋಡಿ ನಮ್ಮ ಮೇಲಿನವ್ರು ನನ್ನ ಪಾಳಿಯಿಂದ ತೆಗೆದ್ರು. ಈಗ ಉಗ್ರಾಣದಲ್ಲಿ ಬ್ಯಾಂಡೇಜು ಎಣಿಸ್ತೀನಿ."

ಮೂರು ವಾರಕ್ಕೆ ತೀರ್ಪು ಬಂತು, ಒಂದೇ ಸಾಲು: ಪ್ಲೇನ್‌ಹಿಲ್‌ಗೆ ಪೂರ್ತಿ ಕೊಡತಕ್ಕದ್ದು. ಕಾರಣ ಬರೆಯುವ ರೂಢಿಯಿಲ್ಲ, ಹೊರಗೆ ತೋರಿಸುವಂತೆಯೂ ಇಲ್ಲ. ಓರಿನ್ ಫೋನಿನಲ್ಲೇ ಅತ್ತುಬಿಟ್ಟ. ಉಪಕಾರ ಹೇಳೋಣವೆಂದು ಹಲೀನಾ ಲ್ಯೂಸಿಲ್‌ಗೂ ಫೋನ್ ಮಾಡಿದಳು.

"ಅದ್ರಲ್ಲಿ ನಾನು ಸರಿಯಾಗಿ ಬರ್ದಿದ್ದೆ ಅಂತ ಇದೆಯಾ?"

"ಇಲ್ಲಮ್ಮ."

"ಇರ್ಲಿ ಬಿಡಿ."

ಗೆದ್ದ ಸಂತೋಷವೆಲ್ಲ ಅಲ್ಲಿಗೆ ಇಳಿಯಿತು. ಸೋಮವಾರ ಹಲೀನಾ ರಜೆ ಹಾಕಿ ಎಪ್ಪತ್ತು ಮೈಲಿ ಕಾರು ಓಡಿಸಿಕೊಂಡು ಲ್ಯೂಸಿಲ್ ಇದ್ದ ಆಸ್ಪತ್ರೆಗೆ ಹೋದಳು. ಮುಖ್ಯ ನರ್ಸಿನ ಮೇಜಿನ ಮುಂದೆ ನಿಂತಾಗ ಆಕೆ ಹೆಸರು ಕೇಳಿ ಗುರುತು ಹಿಡಿದು, "ವಕೀಲರಲ್ವಾ ನೀವು? ಮತ್ತೇನಾದ್ರೂ ಕೇಸಾ?" ಅಂದಳು.

"ಕೇಸಿನ ಮಾತಲ್ಲ. ಒಂಬತ್ತು ವರ್ಷ ರಾತ್ರಿ ಪಾಳಿ ಮಾಡಿದ ನರ್ಸು ನಾನು," ಅಂದಳು ಹಲೀನಾ. "ಲ್ಯೂಸಿಲ್ ಗಡಿಯಾರ ಸರಿಯಾಗೇ ನೋಡಿದ್ಲು. ಅವಳನ್ನ ಪಾಳಿಗೆ ವಾಪಸ್ ಹಾಕ್ಕೊಳ್ಳಿ."